ತುತ್ತಿಗೊಂದು ಉಸಿರು

ಕೊಟ್ಟೂರು ಬಸ್ ನಿಲ್ದಾಣದ ಹೋಟೆಲಿನಲ್ಲಿ ನನ್ನೆದುರು ಕುಳಿತಿದ್ದ ಹಿರಿಯರು ಮಂಡಕ್ಕಿ ಒಗ್ಗರಣೆಯ ಪ್ರತಿ ತುತ್ತಿಗೂ ಎದೆಯುಬ್ಬಿಸಿ ಉಸಿರೆಳೆಯುತ್ತಿದ್ದರು. ದಮ್ಮಿನ ಕಾಯಿಲೆಯೇ ಇರಬೇಕೆಂದು ನಾನು ಗಾಬರಿಯಿಂದ ನೀರಿನ ಲೋಟ ಚಾಚಿದೆ.

“ದಮ್ಮಲ್ರಿ ಇದು,” ಎಂದು ನಕ್ಕರು. “ಬೈಕಿಂದ ಬಿದ್ದು ಈ ತೋಳು ಸತ್ತಂಗ ಆಗಿತ್ತು. ಪಕ್ಕೆಲುಬಿನ ನರ ತಂದು ತೋಳಿಗೆ ಜೋಡಿಸ್ಯಾರ. ಉಸಿರು ಎಳದ್ರ ಮೊಣಕೈ ಮಡಚ್ತೈತಿ. ಎಪ್ಪತ್ತಕ್ಕ ಆಪರೇಷನ್ ಯಾಕ ಅಂದ್ರು ಮನ್ಯಾಗ. ನಾ ಏನ್ ಉಣ್ಣಾದು ಬಿಟ್ಟೀನೇನ್ರಿ?”

ಮತ್ತೊಮ್ಮೆ ಉಸಿರೆಳೆದು, ಅದೇ ಕೈಯಿಂದ ನನ್ನ ಲೋಟವೆತ್ತಿ, ಹನಿಯೂ ಚೆಲ್ಲದಂತೆ ನೀರು ಕುಡಿದರು.

ಹಡಗಲಿ ಬಸ್ಸು ಹೊರಟಾಗ ಅವರು ಕಿಟಕಿಯಿಂದ ನನ್ನತ್ತ ಅದೇ ಕೈ ಎತ್ತಿದರು. ಅದಕ್ಕೂ ಮೊದಲೇ, ನನಗರಿವಿಲ್ಲದೆ, ಅವರ ಜೊತೆ ನಾನೂ ಉಸಿರೆಳೆದುಕೊಂಡಿದ್ದೆ.