ಮಾಗಳಿ ಬೇರಿನ ವಾಸನೆ

ಮಾಗಳಿ ಬೇರಿನ ವಾಸನೆ ಕೈಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ. ಎಂಬತ್ತರ ದಶಕದ ಆ ಬೆಳಗ್ಗೆ ಅರಣ್ಯದ ಗಾರ್ಡು ನಮ್ಮ ಹಟ್ಟಿಗೆ ಬಂದಾಗ ನಾನು ಎರಡೂ ಕೈಗಳನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಕೊಂಡು ನಿಂತಿದ್ದೆ.

ಬಿಳಿಚೋಡು ಊರಿನಾಚೆ, ಗುಡ್ಡದ ಬುಡದಲ್ಲಿತ್ತು ನಮ್ಮ ಮ್ಯಾಸನಾಯಕರ ಹಟ್ಟಿ. ಗುಡ್ಡದ ಬೇರು, ಸೊಪ್ಪು, ಹಣ್ಣಿನ ಉಸಾಬರಿಯೆಲ್ಲ ಹೆಂಗಸರದು. ಅವರಿಗೆಲ್ಲ ನನ್ನ ಅಜ್ಜಿಯೇ ಹಿರಿಯಳು. ಉಪ್ಪಿನಕಾಯಿಗೆ ಮಾಗಳಿ ಅಗೆದರೆ ಪಕ್ಕದ ಬೇರನ್ನಷ್ಟೇ ಕುಯ್ಯಬೇಕು, ತಾಯಿಬೇರು ಮುಟ್ಟದೆ ಮಣ್ಣು ಮುಚ್ಚಿ ಮೇಲೊಂದು ಕಲ್ಲಿಡಬೇಕು ಎಂಬುದು ಅವಳ ಕಟ್ಟುನಿಟ್ಟು. ಹಿಂದಿನ ದಿನ ನಾನು ಅದನ್ನು ಮೀರಿದ್ದೆ. ನ್ಯಾಮತಿಗೆ ಕೊಟ್ಟಿದ್ದ ಅಕ್ಕ ಬಸುರಿ. ಅವಳಿಗೆ ಮಾಗಳಿ ಉಪ್ಪಿನಕಾಯಿಯ ಬಯಕೆಯೆಂದು ಭಾವ ಬಂದಿದ್ದರು, ಅವರ ಬಸ್ಸಿಗೆ ಹೊತ್ತಾಗುತ್ತಿತ್ತು. ಗಡಿಬಿಡಿಯಲ್ಲಿ ಪೂರ್ತಿ ಬೇರು ಕಿತ್ತು, ಬಳ್ಳಿಯ ಬುಡದ ತುಂಡೊಂದನ್ನು ಗುಂಡಿಗೆ ತುರುಕಿ ಓಡಿ ಬಂದಿದ್ದೆ.

"ನೀವು ಹೆಂಗಸ್ರೇ ಬೇರು ಕಿತ್ತು ಗುಡ್ಡ ಬೋಳಿಸ್ತಿದ್ದೀರಿ. ನಾಳೆಯಿಂದ ಯಾರೂ ಹತ್ತಂಗಿಲ್ಲ," ಎಂದ ಗಾರ್ಡು.

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. "ಬರ್ರಿ ಸ್ವಾಮಿ, ಹತ್ತಿ ಕಣ್ಣಾರೆ ನೋಡ್ರಿ. ನಮ್ಮ ಕೈಯಿಂದ ಒಂದು ಬಳ್ಳಿ ಸತ್ತಿದ್ರೂ ಆ ಕಡೆ ತಲೆ ಹಾಕಲ್ಲ."

ಗುಡ್ಡದ ಕಡೆ ಹೊರಟ ಅವರಿಬ್ಬರ ಹಿಂದೆ ನಾನೂ ಹೋದೆ. ಗುಡ್ಡ ತಪ್ಪಿದರೆ ಹಟ್ಟಿಯ ಒಲೆಗೆ ಸೌದೆಯಿಲ್ಲ, ಬಾಣಂತಿಗೆ ಮದ್ದಿಲ್ಲ.

ಮೊದಲ ಬಳ್ಳಿ ಹಸಿರಾಗಿತ್ತು. ಎರಡನೆಯದೂ. ಬಂಡೆ ಹತ್ತುವಾಗ ಆಸರೆಗೆಂದು ನನ್ನ ಕೈ ಹಿಡಿದ ಅಜ್ಜಿ ಅದನ್ನು ಮೂಗಿನ ಹತ್ತಿರ ತಂದಳು. ನನ್ನ ಮುಖ ನೋಡಿದಳು.

ಮೂರನೆಯದು ಬಾಡಿತ್ತು. ಗಾರ್ಡು ಎಳೆದ, ತುಂಡು ಕೈಗೇ ಬಂತು.

"ಅದು ನಾನೇ ಕಿತ್ತಿದ್ದು," ಎಂದಳು ಅಜ್ಜಿ. "ವಯಸ್ಸಾತು, ಕಣ್ಣು ಕಾಣಲ್ಲ. ಉಳಿದೋರು ಏನು ಮಾಡ್ಯಾರೆ? ನಾನೊಬ್ಬಳು ಇನ್ನು ಹತ್ತಲ್ಲ, ಅವ್ರನ್ನ ಬಿಡ್ರಿ."

ಗಾರ್ಡು ಒಪ್ಪಿದ. ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಜ್ಜಿ ಆ ತುಂಡನ್ನು ಮತ್ತೆ ನೆಟ್ಟು, ಕಲ್ಲಿಟ್ಟು, ಇಳಿದು ಬಂದಳು. ಆಮೇಲೆ ಗುಡ್ಡ ಹತ್ತಲೇ ಇಲ್ಲ. ದಿನಾ ನಾನು ಒಂದು ಚೊಂಬು ನೀರು ಹೊತ್ತು ಹೋಗುತ್ತಿದ್ದೆ. ಅಜ್ಜಿ ಹಟ್ಟಿಯ ಬೇಲಿಯ ಬಳಿ ಕಾದು ಕೂತಿದ್ದು, "ಚಿಗುರಿತೇನೇ?" ಎಂದು ಕೇಳುತ್ತಿದ್ದಳು.

"ಇಲ್ಲಜ್ಜಿ."

ಮಳೆ ಹಿಡಿದ ಮೇಲೊಂದು ದಿನ ಕಲ್ಲು ಸರಿಸಿ ನೋಡಿದೆ. ತುಂಡು ಕೊಳೆತು ಬೆರಳಿಗೆ ಮೆತ್ತಿಕೊಂಡಿತು. ಕೆಳಗಿಳಿದಾಗ ಅವಳ ಮುಖ ನೋಡಿ ನಿಜ ಹೇಳಲಾಗಲಿಲ್ಲ.

"ಚಿಗುರೈತೆ ಅಜ್ಜಿ," ಎಂದೆ.

ಅವಳು ನನ್ನ ಕೈ ಹಿಡಿದು ಮತ್ತೆ ಮೂಗಿಗೆ ತಂದಳು. ಬೆರಳಲ್ಲಿ ಕೊಳೆತ ವಾಸನೆ ಇನ್ನೂ ಇತ್ತು.

"ಹತ್ತೋದು ಬಿಡಬ್ಯಾಡ," ಎಂದಳು. "ಉಳಿದವನ್ನ ಇನ್ನು ನೀನೇ ನೋಡ್ಕಾ."