ದೋಣಿಯ ಹೊಸ್ತಿಲಿಗೆ ಒಂದು ಚೊಂಬು ನೀರು

ಕುವೆಂಪುನಗರಕ್ಕೆ ಬಂದು ಕ್ಯಾಪ್ಟನ್ ಮನೆ ಎಲ್ಲಿ ಅಂತ ಕೇಳಿ ನೋಡಿ. ತರಕಾರಿ ಗಾಡಿಯವನಿಂದ ಹಿಡಿದು ಇಸ್ತ್ರಿ ಅಂಗಡಿಯವನವರೆಗೆ ಎಲ್ಲರೂ ಕೈ ತೋರಿಸುತ್ತಾರೆ, ತೋರಿಸುತ್ತಲೇ ನಗುತ್ತಾರೆ. ಕ್ಯಾಪ್ಟನ್ ಅಂದರೆ ಯೋಗೇಂದ್ರ. ಮೂವತ್ತೊಂದು ವರ್ಷ ಮನೆಮನೆಯ ನಲ್ಲಿ ಮೀಟರ್ ಓದಿ, ಐವತ್ತೈದಕ್ಕೇ ಸ್ವಯಂ ನಿವೃತ್ತಿ ತಗೊಂಡ ಮನುಷ್ಯ. ಜೀವನವಿಡೀ ಅರ್ಧ ಇಂಚಿನ ಪೈಪಿನಲ್ಲಿ ನೀರು ಕಂಡವರಿಗೆ ಕೊನೆಗೆ ಸಮುದ್ರದ ಮೇಲೆ ಮನಸ್ಸಾಯಿತು. ಆಗಲಿ, ಬೇಡ ಅನ್ನೋಕೆ ನಾವ್ಯಾರು. ಮಂಗಳೂರಿಗೆ ಹೋಗಿ, ದಡದಲ್ಲಿ ಕೂತು ಕಡ್ಲೆಕಾಯಿ ತಿಂದು, ಕಾಲು ತೊಳೆದುಕೊಂಡು ಬಂದಿದ್ದರೆ ಮುಗಿಯುತ್ತಿತ್ತು. ಇವರು ಇಪ್ಪತ್ತೆರಡು ಅಡಿಯ ಹಳೇ ಹಾಯಿದೋಣಿಯೊಂದನ್ನು ಲಾರಿ ಮೇಲೆ ಹೇರಿಕೊಂಡು ಬಂದು ಮನೆ ಪಕ್ಕದ ಖಾಲಿ ಸೈಟಿನಲ್ಲಿ ಇಳಿಸಿದರು.

ಅದು ಒಂಬತ್ತು ವರ್ಷದ ಹಿಂದಿನ ಮಾತು. ಎರಡು ವರ್ಷದಲ್ಲಿ ರಿಪೇರಿ ಮುಗಿಸಿ, ಮನೆಗೆ ಬೀಗ ಜಡಿದು, ಕಾರವಾರದಿಂದ ಕೇರಳದ ತನಕ ಊರೂರು ನೋಡಿಕೊಂಡು ದೋಣಿಯಲ್ಲೇ ಬಾಳುವುದು ಅಂತ ಅವರ ಪ್ಲಾನು. ಬೀದಿಗೆಲ್ಲ ಹೇಳಿದರು, ನೆಂಟರಿಗೆಲ್ಲ ಹೇಳಿದರು. ಬಿಳೀ ಟೋಪಿ ಕೊಂಡರು. ಆ ಟೋಪಿ ಹಾಕಿಕೊಂಡು ಸ್ಕೂಟರಿನಲ್ಲಿ ಹಾಲು ತರಲು ಹೋಗುತ್ತಿದ್ದರು. ಯಾರಾದರೂ ಸುಮ್ಮನಿರಲಾರದೆ "ಯಾವಾಗ ಸಾರ್ ಪ್ರಯಾಣ?" ಅಂತ ಕೇಳಿದರೆ ಆಕಾಶ ನೋಡಿ, "ಗಾಳಿ ಸರಿ ಹೋಗಲಿ ಕಣ್ರೀ" ಅನ್ನುತ್ತಿದ್ದರು. ಕುವೆಂಪುನಗರದ ಗಾಳಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಎರಡು ವರ್ಷ ನಾಲ್ಕಾಯಿತು, ನಾಲ್ಕು ಏಳಾಯಿತು. ಒಂದು ವರ್ಷ ಮರ ಒಣಗಿಲ್ಲ, ಇನ್ನೊಂದು ವರ್ಷ ಬಣ್ಣ ಸರಿಯಿಲ್ಲ. ಇನ್ನೇನು ಮುಗೀತು ಅನ್ನುವಾಗ ಆಷಾಢ ಬಂತು, ಆಷಾಢ ಕಳೆಯಿತು ಅನ್ನುವಾಗ ಪಿತೃಪಕ್ಷ, ಅದು ದಾಟಿದರೆ ಗ್ರಹಣ. ಬೀದಿಯವರು ದೋಣಿಯ ಮೇಲೆ ಹಪ್ಪಳ ಸಂಡಿಗೆ ಒಣಗಿಸುವುದಕ್ಕೆ ಶುರು ಮಾಡಿದರು. ಆಯುಧಪೂಜೆಗೆ ಮಾತ್ರ ಪ್ರತಿ ವರ್ಷ ತಪ್ಪದೆ ಬಾಳೆಕಂದು, ಚೆಂಡು ಹೂವಿನ ಹಾರ, ಬೀದಿಯ ಕಾರುಗಳಿಗೆಲ್ಲ ಒಡೆದದ್ದಕ್ಕಿಂತ ದೊಡ್ಡ ಬೂದುಗುಂಬಳಕಾಯಿ. ಒಂದು ಗೇಣೂ ಚಲಿಸದ ವಾಹನಕ್ಕೆ ಅಷ್ಟು ಪೂಜೆ ಮೈಸೂರಿನಲ್ಲಿ ಬೇರೆಲ್ಲೂ ಆಗಿರಲಾರದು.

ಈ ತಮಾಷೆಯಲ್ಲಿ ಒಬ್ಬರು ಮಾತ್ರ ತಮಾಷೆ ಮಾಡುತ್ತಿರಲಿಲ್ಲ. ಯೋಗೇಂದ್ರರ ಹೆಂಡತಿ ಸುಂದರಮ್ಮ. ಹೈಸ್ಕೂಲಿನಲ್ಲಿ ಲೆಕ್ಕದ ಮೇಡಂ, ಹೋದ ವರ್ಷ ತಾನೇ ನಿವೃತ್ತರಾದವರು. ಮೊದಲು ಅವರಿಗೂ ಈ ದೋಣಿ ಅಂದರೆ ಮೈಯೆಲ್ಲ ಉರಿ. ಆದರೆ ಯೋಗೇಂದ್ರರಿಗೆ ಇಂಗ್ಲಿಷ್ ಪುಸ್ತಕ ಅಂದರೆ ಎರಡನೇ ಪುಟಕ್ಕೇ ನಿದ್ದೆ. ಹಾಗಾಗಿ ಓದಿ ಹೇಳುವ ಕೆಲಸ ಇವರ ತಲೆಗೆ ಬಂತು. ಗಾಳಿ ಎಷ್ಟು ಕೋನದಲ್ಲಿ ಬಂದರೆ ಹಾಯಿ ಎಷ್ಟು ತಿರುಗಿಸಬೇಕು ಅನ್ನುವುದು ಲೆಕ್ಕದ ಮೇಡಂಗೆ ಪಾಯಸ ಕುಡಿದಷ್ಟು ಸುಲಭವಾಯಿತು. ಬಟ್ಟೆ ಒಣಗಿಸುವ ಹಗ್ಗದಲ್ಲಿ ಗಂಟು ಕಲಿತರು. ದಬ್ಬಳ ಹಿಡಿದು ಹಾಯಿ ಹೊಲಿದರು, ಹೊಲಿಗೆ ಡಬ್ಬಿಯಲ್ಲಿ ಮೂರು ಸೈಜಿನ ದಬ್ಬಳ ಇಟ್ಟುಕೊಂಡರು. ಅವರ ಹಳೇ ವಿದ್ಯಾರ್ಥಿನಿ ತೇಜಸ್ವಿನಿ ಊರಾಚೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮಕ್ಕಳಿಗೆ ಹಾಯಿದೋಣಿ ಕಲಿಸುತ್ತಿದ್ದಳು. ಎರಡು ವರ್ಷ ಭಾನುವಾರ ಭಾನುವಾರ ಸುಂದರಮ್ಮ ಚೂಡಿದಾರ್ ಹಾಕಿಕೊಂಡು ಅಲ್ಲಿಗೆ ಹೋದರು. "ನೀವೂ ಬನ್ರೀ" ಅಂದರೆ ಯೋಗೇಂದ್ರ, "ನನಗೆ ಥಿಯರಿ ಗೊತ್ತು ಕಣೇ" ಅಂದು ಟೋಪಿ ಸರಿ ಮಾಡಿಕೊಳ್ಳುತ್ತಿದ್ದರು.

ಹೀಗೆ ನಡುವೆ ಎಲ್ಲೋ ಗಂಡನ ಹುಚ್ಚು ಹೆಂಡತಿಯ ಆಸೆಯಾಗಿ ಹೋಯಿತು. ಈ ವರ್ಷ ದಸರಾ ಮುಗಿದ ಕೂಡಲೇ ಸುಂದರಮ್ಮ ತಮ್ಮ ಅಮ್ಮನ ಕಾಲದ ಪಟ್ಟದ ಗೊಂಬೆಗಳನ್ನು, ರಾಜ ರಾಣಿ ಇಬ್ಬರನ್ನೂ, ಹಳೇ ರೇಷ್ಮೆ ಸೀರೆಯಲ್ಲಿ ಸುತ್ತಿ ವಿದ್ಯಾರಣ್ಯಪುರಂನಲ್ಲಿರುವ ತಂಗಿ ಮಗಳು ಸೌಮ್ಯಶ್ರೀಗೆ ಕೊಟ್ಟು ಬಂದರು. ದೋಣಿಯಲ್ಲಿ ಗೊಂಬೆ ಕೂರಿಸೋಕಾಗುತ್ತಾ? ಕೊಟ್ಟ ಪಟ್ಟದ ಗೊಂಬೆಯನ್ನು ವಾಪಸ್ ಕೇಳುವ ಪದ್ಧತಿ ಯಾವ ಮನೆಯಲ್ಲೂ ಇಲ್ಲ. ಬಸ್ಸಿನಲ್ಲಿ ಬರುವಾಗ ಅತ್ತರು, ಅತ್ತು ಹಗುರಾದರು. ಇನ್ನು ಅವರಿಗೆ ಬೇಕಾಗಿದ್ದು ಒಂದೇ, ಈ ದೋಣಿ ತೇಲಬೇಕು, ಅದರಲ್ಲಿ ತಾವಿರಬೇಕು. ಕಾರ್ತಿಕದಲ್ಲಿ ಒಂದು ದಿನ ಗೊತ್ತು ಮಾಡಿ, ಕ್ರೇನಿನವರಿಗೂ ಲಾರಿಯವರಿಗೂ ತಾವೇ ಹೇಳಿಬಿಟ್ಟರು. ಯೋಗೇಂದ್ರರಿಗೆ ಅವತ್ತು ಊಟ ಸೇರಲಿಲ್ಲ.

ಉಳಿದಿದ್ದ ಕೆಲಸ ಒಂದೇ, ದೋಣಿಯೊಳಗಿನ ಕೋಣೆಗೆ ಬಾಗಿಲು. ಅದಕ್ಕೆ ಬಡಗಿ ಕೃಷ್ಣಪ್ಪ ಬಂದರು. ಜೀವಮಾನವೆಲ್ಲ ದೇವರ ಮನೆ ಬಾಗಿಲು ಮಾಡಿದ ಕೈ. ದೋಣಿಗೂ ಗಂಟೆ ಕಟ್ಟುವ ಬಾಗಿಲನ್ನೇ ಮಾಡಿದರು, ಕೆಳಗೆ ತೇಗದ ಹೊಸ್ತಿಲೂ ಬಂತು.

"ಹೊಸ್ತಿಲು ಕೂರಿಸ್ಬೇಕಾದ್ರೆ ಶಾಸ್ತ್ರ ಮಾಡ್ಬೇಕು ಅಮ್ಮಾವ್ರೆ" ಅಂದರು ಕೃಷ್ಣಪ್ಪ. "ಕೆಳಗೊಂದು ಗುಳಿ ಕೊರೆದು ನವಧಾನ್ಯ ಇಟ್ಟು ಮುಚ್ಬೇಕು."

"ಇದು ಮನೆ ಅಲ್ಲ ಕೃಷ್ಣಪ್ಪ, ದೋಣಿ."

"ಮಲಗೋದು, ಬೇಯಿಸ್ಕೊಂಡು ತಿನ್ನೋದು ಇದರಲ್ಲೇ ತಾನೇ? ಮನೆ ಅಲ್ದೆ ಇನ್ನೇನು? ಹೊಸ್ತಿಲು ಅಂದ್ಮೇಲೆ ತಳ ಮುಟ್ಬೇಕು, ಧಾನ್ಯ ಇರ್ಬೇಕು. ಇಲ್ದೆ ನಾನು ಉಳಿ ಮುಟ್ಟಕಿಲ್ಲ."

ಸುಂದರಮ್ಮ ಇನ್ನೇನೋ ಹೇಳುವಷ್ಟರಲ್ಲಿ ಯೋಗೇಂದ್ರ, "ಶಾಸ್ತ್ರ ಬಿಡಬಾರದು ಕಣೇ, ನೀರಿನ ವಿಷಯ" ಅಂದರು. ಮೂವತ್ತೈದು ವರ್ಷದ ಸಂಸಾರದಲ್ಲಿ ದೇವರಿಗೆ ಒಂದು ಹೂ ಇಡದ ಮನುಷ್ಯ ತಾವೇ ಓಡಿ ಹೋಗಿ ಅವರೆ, ಹುರುಳಿ, ಕಡಲೆ ಎಲ್ಲ ತಂದರು. ತಳದ ಹಲಗೆಯಲ್ಲಿ ಗುಳಿ ಕೊರೆದು, ಧಾನ್ಯ ತುಂಬಿ, ಹೊಸ್ತಿಲು ಕೂರಿಸಿ, ಸಂದಿಗೆಲ್ಲ ನೀರು ಇಳಿಯದ ಹಾಗೆ ಕೃಷ್ಣಪ್ಪ ಮೇಣ ಮೆತ್ತಿದರು.

ಮಾರನೇ ದಿನದಿಂದ ಒಂದು ಪವಾಡ ಶುರುವಾಯಿತು. ಬೆಳಗಾಗೆದ್ದು ಯೋಗೇಂದ್ರ ಒಂದು ಚೊಂಬು ನೀರು ತಗೊಂಡು ದೋಣಿ ಹತ್ತುವುದು, ಹೊಸ್ತಿಲಿಗೆ ಸುರಿಯುವುದು, ಚಿಟಿಕೆ ಅರಿಶಿನ ಇಟ್ಟು ಕಣ್ಣು ಮುಚ್ಚುವುದು. ಬೀದಿಯ ಹೆಂಗಸರು ತಮ್ಮ ಗಂಡಂದಿರಿಗೆ ಅವರನ್ನು ತೋರಿಸಿ ಬೈದರು. ಪಾಪ, ಹೊರಡೋ ಹೊತ್ತಿಗೆ ಬುದ್ಧಿ ಬಂತು ಅಂದುಕೊಂಡರು ಸುಂದರಮ್ಮ, ತಂಗಿಗೆ ಫೋನ್ ಮಾಡಿ ಹೇಳಿಕೊಂಡರು. ಆ ವಾರ ಹೊಲಿಗೆ ಡಬ್ಬಿಯಲ್ಲಿ ಒಂದು ದಬ್ಬಳ ಕಾಣಲಿಲ್ಲ, ಎಲ್ಲೋ ಬಿದ್ದಿರಬೇಕು ಅಂತ ಬಿಟ್ಟರು.

ಹದಿನೆಂಟು ದಿನ ಹೀಗೆ ಚೊಂಬಿನ ಪೂಜೆ ನಡೆದ ಮೇಲೆ ಆ ದಿನ ಬಂತು. ಕ್ರೇನು ದೋಣಿ ಎತ್ತಿತು, ಲಾರಿ ಹೊತ್ತಿತು, ಅರ್ಧ ಬೀದಿ ಸ್ಕೂಟರುಗಳಲ್ಲಿ ಹಿಂದೆ ಹೊರಟಿತು. ಸಮುದ್ರಕ್ಕೆ ಮುಂಚೆ ಹಿನ್ನೀರಿನಲ್ಲಿ ಒಂದು ಸಲ ತೇಲಿಸಿ ನೋಡೋಣ ಅಂತ ತೇಜಸ್ವಿನಿ ಹೇಳಿದ್ದಳು. ದೋಣಿ ನೀರಿಗಿಳಿದಾಗ ಯೋಗೇಂದ್ರ ಕಾಯಿ ಒಡೆದು ದಡದಲ್ಲೇ ನಿಂತರು. ಕಾಲಿಗೆ ಹೊಸ ಬೂಟು ಅಂದರು. ಸುಂದರಮ್ಮ, ತೇಜಸ್ವಿನಿ ಹತ್ತಿದರು. ಹಾಯಿ ಬಿಚ್ಚಿಕೊಂಡಿತು, ಗಾಳಿ ಹಿಡಿಯಿತು. ಒಂಬತ್ತು ವರ್ಷ ಹಪ್ಪಳ ಒಣಗಿದ ದೋಣಿ ಹಂಗೇ ಜಾರಿಕೊಂಡು ಹೊರಟಿತು. ಚುಕ್ಕಾಣಿ ಸುಂದರಮ್ಮನ ಕೈಯಲ್ಲಿತ್ತು.

ಕಾಲು ಗಂಟೆ ಆಗಿರಬೇಕು, ಒಳಗೆ ಇಣುಕಿದ ತೇಜಸ್ವಿನಿ, "ಮಿಸ್, ಹಿಮ್ಮಡಿ ಮುಳುಗೋಷ್ಟು ನೀರಿದೆ" ಅಂದಳು. ಹಾಗೂ ಹೀಗೂ ದಡಕ್ಕೆ ತಂದು ಎಳೆದು ನಿಲ್ಲಿಸಿದರು.

ಯೋಗೇಂದ್ರ ಮುಂದೆ ಬಂದರು. "ನಾನು ಹೇಳಿರಲಿಲ್ವಾ ಸುಂದ್ರಾ, ಹಳೇ ಮರ. ಇನ್ನೂ ಒಂದೆರಡು ವರ್ಷದ ಕೆಲಸ ಇದೆ" ಅಂದರು. ದನಿಯಲ್ಲಿ ದುಃಖವಿತ್ತು, ಮುಖದಲ್ಲಿ ಮಾತ್ರ ಬೇರೆ ಏನೋ. ಆ ಮುಖ ಸುಂದರಮ್ಮನಿಗೆ ಚೆನ್ನಾಗಿ ಗೊತ್ತು. ಓದದೆ ಬಂದಿದ್ದ ಹುಡುಗರು ಪರೀಕ್ಷೆ ಮುಂದಕ್ಕೆ ಹೋಯಿತು ಅಂದಾಗ ಇಟ್ಟುಕೊಳ್ಳುವ ಮುಖ ಅದು.

ಬೀದಿಯವರ ಜೊತೆ ಬಂದಿದ್ದ ಕೃಷ್ಣಪ್ಪ ಉಳಿ ಹಾಕಿ ಹೊಸ್ತಿಲು ಎಬ್ಬಿಸಿದರು. ಗುಳಿಯಲ್ಲಿ ಅವರೆ, ಕಡಲೆ ನೆನೆದು ಉಬ್ಬಿಕೊಂಡು, ಹುರುಳಿ ಬಿಳೀ ಮೊಳಕೆ ಬಿಟ್ಟು ಕೂತಿದ್ದವು. ಉಬ್ಬಿದ ರಭಸಕ್ಕೆ ತಳದ ಹಲಗೆ ಒಂದು ಗೇಣು ಸೀಳಿತ್ತು.

"ಮೇಣ ಹಾಕಿದ್ನಲ್ಲ ಅಮ್ಮಾವ್ರೆ, ನೀರೆಂಗೆ ಹೋಯ್ತು?" ಅಂತ ತಡವಿದ ಕೃಷ್ಣಪ್ಪ ಮೇಣದ ತುಂಡೊಂದನ್ನು ಬೆಳಕಿಗೆ ಹಿಡಿದರು. "ಇಲ್ನೋಡಿ, ಸಾಲಾಗಿ ತೂತು. ಯಾರೋ ದಬ್ಬಳದಲ್ಲಿ ಚುಚ್ಬುಟ್ಟವ್ರೆ."

ಸುಂದರಮ್ಮ ಗಂಡನ ಕಡೆ ನೋಡಿದರು. ಯೋಗೇಂದ್ರ ಹೊಸ ಬೂಟು ನೋಡಿಕೊಂಡರು. ಸ್ಕೂಟರಿನಲ್ಲಿ ವಾಪಸ್ ಬರುವಾಗ, ಊರು ಹತ್ತಿರವಾಗುವ ಹೊತ್ತಿಗೆ, ಮುಂದೆ ಕೂತವರೇ ಶುರು ಮಾಡಿದರು.

"ನಂಗೆ ಈಜು ಬರಲ್ಲ ಸುಂದ್ರಾ. ನೀರು ಕಂಡರೆ ಕೈಕಾಲು ನಡುಗುತ್ತೆ. ಎಲ್ಲರಿಗೂ ಹೇಳಿಬಿಟ್ಟಿದ್ದೆ, ಹೆಂಗೆ ಬಿಡಲಿ?"

"ನನಗೊಬ್ಬಳಿಗೆ ಹೇಳಿದ್ದರೆ ಸಾಕಿತ್ತು" ಅಂದರು ಸುಂದರಮ್ಮ. "ನನ್ನ ಅಮ್ಮನ ಗೊಂಬೆ ಕೊಟ್ಟುಬಿಟ್ಟೆನಲ್ರೀ." ಆಮೇಲೆ ಮನೆ ಬರುವ ತನಕ ಅಳು ನಿಲ್ಲಲಿಲ್ಲ. ಅದು ಸಿಟ್ಟಿನ ಅಳು, ಸೆರಗಿನಲ್ಲಿ ಒರೆಸಿಕೊಂಡರೆ ಹೋಗುವಂಥದ್ದಲ್ಲ.

ಯೋಗೇಂದ್ರ ಇನ್ನೆರಡು ವರ್ಷ ಸಿಕ್ಕಿತು ಅಂದುಕೊಂಡು ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು. ಸಿಕ್ಕಿದ್ದು ಹದಿಮೂರೇ ದಿನ. ಕೃಷ್ಣಪ್ಪ ಹೊಸ ಹಲಗೆ ಕೂರಿಸಿದರು. ಈ ಸಲ ಶಾಸ್ತ್ರದ ಮಾತೆತ್ತಲಿಲ್ಲ, ಧಾನ್ಯವನ್ನು ಕಣ್ಣಲ್ಲೂ ನೋಡಲಿಲ್ಲ. ಹಿನ್ನೀರಿನಲ್ಲಿ ದೋಣಿ ಬೆಳಗಿಂದ ಸಂಜೆ ತನಕ ತೇಲಿತು, ಒಂದು ತೊಟ್ಟು ಒಳಗೆ ಬರಲಿಲ್ಲ.

ಕರಾವಳಿಗೆ ಹೊರಡುವ ಲಾರಿ ಮನೆ ಮುಂದೆ ನಿಂತಾಗ ಬೀದಿಯೆಲ್ಲ ಗೇಟಿಗೆ ಬಂದಿತ್ತು. ಹಿಂದೆ ಕಾರಿನಲ್ಲಿ ತೇಜಸ್ವಿನಿ, ಅವಳ ಪಕ್ಕ ಸುಂದರಮ್ಮನ ಒಂದೇ ಒಂದು ಚೀಲ. ಯೋಗೇಂದ್ರ ಬಿಳೀ ಟೋಪಿ ಹಾಕಿಕೊಂಡು ಬಂದು, ಜನ ನೋಡಲಿ ಅಂತಲೋ ಏನೋ, ಕಾರಿನ ಬಾಗಿಲಿಗೆ ಕೈ ಇಟ್ಟರು. ಸುಂದರಮ್ಮ ಒಳಗೆ ಹೋಗಿ ಅದೇ ಚೊಂಬನ್ನು ತುಂಬಿ ತಂದು ಅವರ ಕೈಗೆ ಕೊಟ್ಟರು.

"ಹೊಸ್ತಿಲಿಗೆ ನೀರು ಹಾಕೋದು ರೂಢಿಯಾಗಿದೆಯಲ್ಲ, ಇನ್ಮೇಲೆ ಮನೆ ಹೊಸ್ತಿಲಿಗೆ ಹಾಕಿ. ಇದು ಉಬ್ಬಲ್ಲ."

ಆಮೇಲೆ, ಅಲ್ಲಿ ಬಿಸಿಲು ಜಾಸ್ತಿ ಇರುತ್ತೆ ಅಂತ, ಅವರ ತಲೆ ಮೇಲಿದ್ದ ಟೋಪಿ ತಗೊಂಡು ತಮ್ಮ ತಲೆಗೆ ಹಾಕಿಕೊಂಡು ಕಾರು ಹತ್ತಿದರು.