ಅಳತೆ ಬೇಡವೆಂದ ಚಿಕ್ಕಮ್ಮ

ನನ್ನ ಚಿಕ್ಕಮ್ಮನ ಬಾಯಿ ಅವಳ ಕತ್ತರಿಗಿಂತ ಹರಿತ. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಎದೆ, ತೋಳು, ಸೊಂಟ ಎಲ್ಲ ಕಣ್ಣಲ್ಲೇ ಅಳೆದುಬಿಡುತ್ತಿದ್ದಳು. “ಹೊಟ್ಟೆ ಒಳಗೆಳ್ಕೋಬೇಡಿ ಸ್ವಾಮಿ, ಆಮೇಲೆ ಗುಂಡಿ ಕಿತ್ತೋದ್ರೆ ನನ್ನ ಬೈತೀರ,” ಎಂದು ದೊಡ್ಡ ಮನುಷ್ಯರನ್ನೂ ರೇಗಿಸುತ್ತಿದ್ದಳು.

ಯುದ್ಧ ಬಂತು. ಮೊದಲ ಚಳಿಗಾಲದಲ್ಲೇ ಬಾಂಬು ಬಿದ್ದು ಚಿಕ್ಕಪ್ಪ ತಾನು ದುಡಿಯುತ್ತಿದ್ದ ಕಾರ್ಖಾನೆಯಲ್ಲೇ ತೀರಿಹೋದ. ಹದಿನೆಂಟು ತುಂಬುತ್ತಲೇ ಮಗನನ್ನೂ ಸೈನ್ಯಕ್ಕೆ ಕರೆದುಕೊಂಡರು. ಆಮೇಲೆ ಎರಡು ವರ್ಷ ಅವಳು ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತ, ಹೊಲಿಗೆ ಮಿಷನ್ನಿನ ಜೊತೆ ಜಗಳವಾಡುತ್ತ ಕಾಲ ತಳ್ಳಿದಳು. “ಇನ್ನೊಂದ್ಸಲ ದಾರ ತುಂಡು ಮಾಡು, ಗುಜರಿಗೆ ಹಾಕ್ತೀನಿ,” ಎಂದು ಬೈಯುವುದು ಬೀದಿಯಾಚೆಯ ನಮ್ಮ ಮನೆಗೂ ಕೇಳುತ್ತಿತ್ತು. ಮಾತಾಡಿಸಲು ಆ ಮನೆಯಲ್ಲಿ ಬೇರೆ ಯಾರಿದ್ದರು?

ಒಂದು ಬೆಳಿಗ್ಗೆ ಮಗ ಪೆಟ್ಟಿಗೆಯಲ್ಲಿ ಬಂದ. ಸಂಜೆಯೊಳಗೆ ಮಣ್ಣು ಮಾಡಬೇಕೆಂದು ತಂದವರು ಹೇಳಿದರು. ಸಮವಸ್ತ್ರದಲ್ಲೇ ಇರಲಿ, ಅದೇ ಗೌರವ ಎಂದು ನೆಂಟರು ಬುದ್ಧಿ ಹೇಳಿದರು. ನೆಂಟರಿಗೇನು, ಬುದ್ಧಿ ಹೇಳುವುದಕ್ಕೆ ಖರ್ಚಿಲ್ಲ.

“ಸರ್ಕಾರದ ಬಟ್ಟೇಲಿ ನನ್ನ ಮಗನ್ನ ಕಳ್ಸಲ್ಲ. ನನ್ನ ಕೈಯ ಹೊಲಿಗೆ ಹಾಕ್ಕೊಂಡೇ ಹೋಗ್ಬೇಕು,” ಎಂದಳು ಚಿಕ್ಕಮ್ಮ. ತನ್ನ ಹಾಸಿಗೆಯ ಬಿಳಿ ಹಾಸು ಎಳೆದು ತಂದು ಮೇಜಿನ ಮೇಲೆ ಹರಡಿದಳು. ನಾನು ಟೇಪು ಕೊಡಹೋದರೆ ತಳ್ಳಿಬಿಟ್ಟಳು. “ಹೆತ್ತೋಳಿಗೆ ಅಳತೆ ಬೇರೆ ಕೇಡು!”

ಮಧ್ಯಾಹ್ನಕ್ಕೆ ಅಂಗಿ ಸಿದ್ಧವಾಯಿತು. ಇಬ್ಬರೂ ಸೇರಿ ತೊಡಿಸಿದೆವು. ಭುಜ ಬಿಗಿ, ತೋಳು ಮಣಿಕಟ್ಟಿನವರೆಗೂ ಬರಲಿಲ್ಲ. ಅವಳು ಕತ್ತರಿಸಿದ್ದು ಮನೆ ಬಿಟ್ಟು ಹೋದ ಹುಡುಗನಿಗೆ. ಮರಳಿ ಬಂದವನು ಅವನಿಗಿಂತ ಎತ್ತರವಾಗಿದ್ದ.

“ಯಾವಾಗ ಇಷ್ಟುದ್ದ ಆದ್ಯೋ? ಒಂದ್ ಮಾತು ಹೇಳ್ಬಾರ್ದಿತ್ತಾ?” ಎಂದು ಅವನನ್ನೇ ಗದರಿದಳು.

ನನಗೆ ತಡೆಯಲಾಗಲಿಲ್ಲ, ಗೋಡೆಗೆ ತಿರುಗಿ ಅತ್ತುಬಿಟ್ಟೆ. ಅವಳ ಕಣ್ಣಲ್ಲಿ ಒಂದು ಹನಿಯಿಲ್ಲ. ತಾನೇ ಟೇಪು ಎತ್ತಿಕೊಂಡು, ಹೊಸ ಗಿರಾಕಿಯನ್ನು ಅಳೆಯುವ ಹಾಗೆ, ಭುಜದಿಂದ ಮಣಿಕಟ್ಟಿನವರೆಗೆ ನಿಧಾನವಾಗಿ ಅಳೆದಳು. ಅಂಗಿ ಕಳಚಿ, ಹೊಲಿಗೆ ಬಿಚ್ಚಿ, ಭುಜ ಸಡಿಲಿಸಿ, ಬೇರೆ ತೋಳು ಕೂಡಿಸಿದಳು.

ಈ ಸಲ ಅಂಗಿ ಸರಿಯಾಗಿ ಕೂತಿತು. ನಾನು ಗುಂಡಿ ಹಾಕುವಾಗ ತೋಳಿನ ತುದಿ ಕೈಗೆ ದಪ್ಪವಾಗಿ ಸಿಕ್ಕಿತು. ಶಾಲೆಯ ಮಕ್ಕಳ ಅಂಗಿಗೆ ಬಿಡುವಂತೆ, ಮುಂದೆ ಬಿಚ್ಚಿ ಉದ್ದ ಮಾಡಲೆಂದು, ನಾಲ್ಕು ಬೆರಳಷ್ಟು ಬಟ್ಟೆಯನ್ನು ಒಳಗೆ ಮಡಚಿ ಹೊಲಿದಿದ್ದಳು.

“ಇದ್ಯಾಕೆ ಚಿಕ್ಕಮ್ಮ?” ಎಂದೆ.

“ಬೆಳೆಯೋ ಹುಡುಗ ಅಲ್ವೇನೇ,” ಎಂದಳು. ಎಂದವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಾಯಿಬಿಟ್ಟು ಅತ್ತಳು.